ಕರ್ನಲ್ ಮನೆಯ ವಿಳಾಸ

ಲಿನಕ್ಸ್ ಓಡುವ ಕಂಪ್ಯೂಟರಿನಲ್ಲಿ ‘ಕಾಲ್‌ಸಿಮ್ಸ್’ ಎಂಬ ಹೆಸರಿನ ಕಡತವೊಂದಿದೆ. ತೆರೆದು ನೋಡಿದರೆ ಹಳೆಯ ಟೆಲಿಫೋನ್ ಡೈರೆಕ್ಟರಿಯ ನೆನಪಾಗುತ್ತದೆ. ಒಂದು ಸಾಲಿಗೆ ಒಂದು ಹೆಸರು, ಅದರ ಪಕ್ಕದಲ್ಲಿ ಒಂದು ಸಂಖ್ಯೆ. ಡಿಸ್ಕಿನಿಂದ ಓದುವ ಭಾಗ, ಕೀಲಿಮಣೆಯ ಒತ್ತು ಗುರುತಿಸುವ ಭಾಗ, ಗಡಿಯಾರ ನೋಡಿಕೊಳ್ಳುವ ಭಾಗ, ಹೀಗೆ ಸಾವಿರಾರು ಹೆಸರುಗಳು. ಆ ಭಾಗ ಮೆಮೊರಿಯಲ್ಲಿ ಎಲ್ಲಿದೆ ಎಂದು ಪಕ್ಕದ ಸಂಖ್ಯೆ ಹೇಳಬೇಕು. ಆದರೆ ಈಗಿನ ಹೆಚ್ಚಿನ ಯಂತ್ರಗಳಲ್ಲಿ ಸಾಮಾನ್ಯ ಬಳಕೆದಾರರು ಈ ಕಡತ ತೆರೆದರೆ ಎಲ್ಲ ಹೆಸರುಗಳ ಪಕ್ಕದಲ್ಲೂ ಸೊನ್ನೆಗಳ ಸಾಲೇ ಕಾಣುತ್ತದೆ. ಊರಿನವರ ಹೆಸರನ್ನೆಲ್ಲ ಅಚ್ಚು ಹಾಕಿಸಿ, ಮನೆ ನಂಬರಿನ ಜಾಗದಲ್ಲಿ ಸೊನ್ನೆ ಬರೆದಿಟ್ಟ ಹಾಗೆ.

ಮೊದಲು ಹೀಗಿರಲಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಕರ್ನಲ್ ಎನ್ನುತ್ತಾರೆ. ಮೆಮೊರಿ, ಡಿಸ್ಕ್, ಪರದೆ ಎಲ್ಲವನ್ನೂ ಉಳಿದ ಪ್ರೋಗ್ರಾಮುಗಳಿಗೆ ಹಂಚಿಕೊಡುವ ಯಜಮಾನ ಅದು. ಆ ಯಜಮಾನನ ಮನೆ ಎಲ್ಲಿದೆ ಎನ್ನುವುದು ಬಹಳ ಕಾಲ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು. ಪುಸ್ತಕಗಳಲ್ಲಿ ಅಚ್ಚಾಗುತ್ತಿತ್ತು, ತರಗತಿಗಳಲ್ಲಿ ಪಾಠವಾಗುತ್ತಿತ್ತು. ಎಲ್ಲರಿಗೂ ತಿಳಿದಿದ್ದ ವಿಳಾಸ ಯಾರಿಗೂ ತಿಳಿಯಬಾರದ ವಿಳಾಸವಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಮಗೆ ಸಿಗುವುದು ಲಿಂಕರ್ ಎಂಬ, ಹೆಚ್ಚು ಜನ ಹೆಸರನ್ನೇ ಕೇಳಿರದ ಒಂದು ಸಲಕರಣೆಯ ಚರಿತ್ರೆ.

ಲೇಔಟ್ ಎಂದೊಡನೆ ಬೆಂಗಳೂರು, ಮೈಸೂರಿನವರಿಗೆ ಬಡಾವಣೆಯೇ ಕಣ್ಣ ಮುಂದೆ ಬರುತ್ತದೆ. ಲಿಂಕರ್ ಮಾಡುವುದೂ ಅದೇ ಕೆಲಸ. ದೊಡ್ಡ ಪ್ರೋಗ್ರಾಮನ್ನು ನೂರಾರು ತುಂಡುಗಳಾಗಿ ಬರೆದಿರುತ್ತಾರೆ. ಪ್ರತಿ ತುಂಡೂ ತಾನೇ ಮೊದಲ ಸೈಟಿನಲ್ಲಿ, ಅಂದರೆ ಸೊನ್ನೆಯಲ್ಲಿ, ಇದ್ದೇನೆ ಎಂದುಕೊಂಡಿರುತ್ತದೆ. ಬೇರೆ ತುಂಡನ್ನು ಕರೆಯಬೇಕಾದಾಗ ಹೆಸರು ಮಾತ್ರ ಬರೆದು, ವಿಳಾಸದ ಜಾಗ ಖಾಲಿ ಬಿಟ್ಟಿರುತ್ತದೆ. ಲಿಂಕರ್ ಈ ತುಂಡುಗಳನ್ನು ಸಾಲಾಗಿ ಕೂರಿಸುತ್ತದೆ, ಪ್ರತಿಯೊಂದಕ್ಕೂ ನಂಬರು ಕೊಡುತ್ತದೆ, ಖಾಲಿ ಬಿಟ್ಟ ಕಡೆಗಳಲ್ಲೆಲ್ಲ ಆ ನಂಬರು ತುಂಬುತ್ತದೆ. ಒಂದು ನಂಬರು ತಪ್ಪಿದರೂ ಪತ್ರ ಬೇರೆಯವರ ಮನೆಗೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಬೇರೆಯವರ ಮನೆಗೆ ಹೋದ ಪತ್ರ ವಾಪಸು ಬರುವುದಿಲ್ಲ, ಯಂತ್ರವೇ ನಿಂತುಬಿಡುತ್ತದೆ.

*

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ಕಟ್ಟಿದ ಎಡ್‌ಸ್ಯಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಮನ್ನು ಓಡಿಸಿದ್ದು 1949ರ ಮೇ 6ರಂದು. ಅದರ ಮೆಮೊರಿ ಪಾದರಸ ತುಂಬಿದ ಉದ್ದ ಕೊಳವೆಗಳಲ್ಲಿತ್ತು. ಆಗ ಕರ್ನಲ್ ಎಂಬ ಮಾತೇ ಇರಲಿಲ್ಲ. ಆದರೆ ಯಂತ್ರ ಎಚ್ಚರಗೊಂಡ ಕೂಡಲೇ ಯಾರಾದರೂ ಮೊದಲು ಎದ್ದು ಉಳಿದವರನ್ನು ಒಳಗೆ ಬಿಟ್ಟುಕೊಳ್ಳಬೇಕಲ್ಲ? ಆ ಕೆಲಸಕ್ಕೆ ‘ಆರಂಭಿಕ ಆದೇಶಗಳು’ ಎಂಬ 31 ಸೂಚನೆಗಳಿದ್ದವು. ಬರೆದವರು ಡೇವಿಡ್ ವೀಲರ್, ಆಗಿನ್ನೂ 22 ವರ್ಷದ ಸಂಶೋಧನಾ ವಿದ್ಯಾರ್ಥಿ. ಗುಂಡಿ ಒತ್ತಿದರೆ ಈ 31 ಸೂಚನೆಗಳು ಮೆಮೊರಿಯ ಸೊನ್ನೆಯಿಂದ 30ರವರೆಗಿನ ಸ್ಥಾನಗಳಲ್ಲಿ ಬಂದು ಕೂರುತ್ತಿದ್ದವು. ನಮ್ಮ ಪ್ರೋಗ್ರಾಮಿನ ಜಾಗ 31ರಿಂದ ಮುಂದೆ.

ಕೆಲವೇ ತಿಂಗಳಲ್ಲಿ ತೊಡಕು ಶುರುವಾಯಿತು. ಕೇಂಬ್ರಿಡ್ಜಿನವರು ವರ್ಗಮೂಲ ತೆಗೆಯುವುದು, ಉತ್ತರ ಅಚ್ಚು ಮಾಡುವುದು ಮುಂತಾದ ಪದೇ ಪದೇ ಬೇಕಾಗುವ ಕೆಲಸಗಳನ್ನು ಬಿಡಿ ಕಾಗದದ ಟೇಪುಗಳಲ್ಲಿ ರಂಧ್ರ ಕೊರೆದು ಕಪಾಟಿನಲ್ಲಿ ಇಟ್ಟುಕೊಳ್ಳತೊಡಗಿದ್ದರು. ಬೇಕಾದಾಗ ತೆಗೆದು ತಮ್ಮ ಟೇಪಿಗೆ ನಕಲು ಮಾಡಿ ಸೇರಿಸಿಕೊಳ್ಳುವುದು. ಆದರೆ ವರ್ಗಮೂಲದ ತುಂಡು ಇವತ್ತು 100ನೇ ಸ್ಥಾನದಲ್ಲಿ ಕೂತರೆ ನಾಳೆ ಇನ್ನೊಬ್ಬರ ಪ್ರೋಗ್ರಾಮಿನಲ್ಲಿ 180ರಲ್ಲಿ ಕೂರಬೇಕಾಗಬಹುದು. ಜಾಗ ಬದಲಾದಾಗಲೆಲ್ಲ ಅದರೊಳಗಿನ ವಿಳಾಸಗಳನ್ನೂ ತಿದ್ದಬೇಕು. ಅದೇ ವರ್ಷ ವೀಲರ್ ತಮ್ಮ ಆದೇಶಗಳನ್ನು ಮತ್ತೆ ಬರೆದರು. ಈಗ ಅವು 41 ಸೂಚನೆಗಳಾದವು. ಟೇಪಿನಲ್ಲಿ ಸೂಚನೆಯ ಕೊನೆಗೆ ಥೀಟಾ ಎಂಬ ಗ್ರೀಕ್ ಅಕ್ಷರವಿದ್ದರೆ, ಈ ತುಂಡು ಎಲ್ಲಿಂದ ಶುರುವಾಗಿದೆಯೋ ಆ ಸಂಖ್ಯೆಯನ್ನು ಯಂತ್ರವೇ ಕೂಡಿಸಿಕೊಳ್ಳಬೇಕು ಎಂದರ್ಥ. ತುಂಡು ಎಲ್ಲಿ ಕೂತರೂ ವಿಳಾಸಗಳು ತಾವೇ ಸರಿಹೋಗುತ್ತಿದ್ದವು. 41 ಸೂಚನೆಗಳಲ್ಲಿ ಓದುವುದು, ಅಂಕಿ ಪರಿವರ್ತಿಸುವುದು, ಜಾಗ ಸರಿಪಡಿಸುವುದು ಎಲ್ಲವೂ ಅಡಗಿದ್ದವು. ಒಂದು ಮಾತನ್ನು ಇಲ್ಲಿ ಗಮನದಲ್ಲಿ ಇಟ್ಟುಕೊಳ್ಳಬೇಕು. ವಿಳಾಸ ತಿದ್ದುವ ಈ ಕೆಲಸ ನಡೆಯುತ್ತಿದ್ದದ್ದು ಪ್ರೋಗ್ರಾಮು ಯಂತ್ರದ ಒಳಗೆ ಬರುವ ಗಳಿಗೆಯಲ್ಲಿ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಗ್ರೇಸ್ ಹಾಪರ್ ಇದೇ ತೊಂದರೆಯನ್ನು ಇನ್ನೊಂದು ಕಡೆಯಿಂದ ಕಂಡರು. ಅವರ ಸಹೋದ್ಯೋಗಿಗಳು ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ತುಂಡುಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು, ವಿಳಾಸಗಳನ್ನು ಕೈಯಲ್ಲೇ ಕೂಡುತ್ತಿದ್ದರು. ಪ್ರೋಗ್ರಾಮರುಗಳಿಗೆ ನೆಟ್ಟಗೆ ಕೂಡಲೂ ಬರುವುದಿಲ್ಲ, ನಕಲು ಮಾಡಲೂ ಬರುವುದಿಲ್ಲ ಎಂದು ಅವರು ಮುಂದೆ 1978ರ ಸಮ್ಮೇಳನವೊಂದರಲ್ಲಿ ನಗುತ್ತ ನೆನೆದರು. 4 ಬರೆದದ್ದು ತ್ರಿಕೋನವಾಗಿಬಿಡುತ್ತಿತ್ತು, ಬಿ ಅಕ್ಷರ 13 ಆಗಿಬಿಡುತ್ತಿತ್ತು. ಹಾಗಾಗಿ 1951-52ರ ಹೊತ್ತಿಗೆ ಯುನಿವ್ಯಾಕ್ ಯಂತ್ರಕ್ಕಾಗಿ ಎ-0 ಎಂಬುದನ್ನು ಸಿದ್ಧಪಡಿಸಿದರು. ಅದನ್ನು ಅವರು ಕಂಪೈಲರ್ ಎಂದು ಕರೆದರು. ಆದರೆ ಅದು ಮಾಡುತ್ತಿದ್ದದ್ದು ಸಂಗ್ರಹದಲ್ಲಿನ ತುಂಡುಗಳನ್ನು ತಂದು ಜೋಡಿಸಿ ವಿಳಾಸ ಸರಿಪಡಿಸುವ ಕೆಲಸ, ಅಂದರೆ ಇವತ್ತು ನಾವು ಲಿಂಕರ್ ಎನ್ನುವುದರ ಕೆಲಸ.

ಮನುಷ್ಯರ ಕೈತಪ್ಪಿನ ಭಯದಿಂದ ಹುಟ್ಟಿದ್ದು ಲಿಂಕರ್. ಅದು ಕೊಟ್ಟ ಭರವಸೆ ಖಚಿತತೆ. ಈ ಭರವಸೆಯೇ ಮುಂದೆ ತಿರುಗಿ ಬೀಳಲಿತ್ತು.

*

ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುವಾಗ, ಪ್ರೋಗ್ರಾಮಿನ ಬಡಾವಣೆಗೆ ಮೂರು ಬೀದಿಗಳನ್ನು ಇಟ್ಟರು. ಸೂಚನೆಗಳಿರುವ ಬೀದಿಗೆ ಟೆಕ್ಸ್ಟ್, ಆರಂಭದ ಬೆಲೆ ಗೊತ್ತಿರುವ ಮಾಹಿತಿಗೆ ಡೇಟಾ, ಸದ್ಯಕ್ಕೆ ಸೊನ್ನೆಯೇ ತುಂಬಿರುವ ಜಾಗಕ್ಕೆ ಬಿಎಸ್‌ಎಸ್. ಈ ಮೂರನೆಯ ಹೆಸರು ಯುನಿಕ್ಸಿಗಿಂತ ಹಳೆಯದು. 1950ರ ದಶಕದಲ್ಲಿ ಐಬಿಎಂ 704 ಯಂತ್ರಕ್ಕಾಗಿ ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯ ರಾಯ್ ನಟ್ ಬರೆದ ಅಸೆಂಬ್ಲರಿನಿಂದ ಬಂದದ್ದು. ‘ಈ ಹೆಸರಿನಿಂದ ಶುರುವಾಗುವ ಇಷ್ಟು ಜಾಗ ಕಾದಿರಿಸು’ ಎನ್ನುವ ಆಜ್ಞೆಯ ಮೂರಕ್ಷರ ಅದು. ಆ ಯಂತ್ರಗಳು ಗುಜರಿಗೆ ಹೋಗಿ ದಶಕಗಳಾದವು, ಮೂರಕ್ಷರ ಮಾತ್ರ ಇವತ್ತಿನ ಫೋನಿನ ಕರ್ನಲ್‌ನಲ್ಲೂ ಉಳಿದಿದೆ.

ಯುನಿಕ್ಸ್ ಬೆಳೆದ ಪಿಡಿಪಿ-11 ಯಂತ್ರದಲ್ಲಿ ಒಂದು ಕಟ್ಟುಪಾಡಿತ್ತು. ಗಡಿಯಾರ ಬಡಿದಾಗ, ಡಿಸ್ಕ್ ಕರೆದಾಗ, ಯಾವುದಾದರೂ ತಪ್ಪಾದಾಗ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯನ್ನು ಯಂತ್ರ ಮೆಮೊರಿಯ ತಳದಲ್ಲೇ, ಸೊನ್ನೆಯ ಆಸುಪಾಸಿನಲ್ಲೇ ಹುಡುಕುತ್ತಿತ್ತು. ಹಾಗಾಗಿ ಕರ್ನಲ್ ಸೊನ್ನೆಯಿಂದಲೇ ಶುರುವಾಗಬೇಕು, ಅದರಲ್ಲೂ ಆ ಪಟ್ಟಿ ಇರುವ ಕಡತವೇ ಮೊದಲು ಬರಬೇಕು. ಆಗಿನ ಲಿಂಕರಿಗೆ ಇದನ್ನು ತಿಳಿಸುವ ಬಗೆ ಸರಳವಾಗಿತ್ತು. ಆಜ್ಞೆಯ ಸಾಲಿನಲ್ಲಿ ಆ ಕಡತದ ಹೆಸರನ್ನು ಮೊದಲು ಬರೆಯುವುದು. ಪಂಕ್ತಿಯಲ್ಲಿ ಮೊದಲು ಕೂತವರಿಗೆ ಮೊದಲ ಎಲೆ.

ಇದೆಲ್ಲ ಗುಟ್ಟೇನೂ ಆಗಿರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ 1970ರ ದಶಕದ ನಡುವಿನಲ್ಲಿ ಯುನಿಕ್ಸ್ ಕರ್ನಲ್‌ನ ಆರನೆಯ ಆವೃತ್ತಿಯನ್ನು ಇಡಿಯಾಗಿ ಅಚ್ಚು ಹಾಕಿ, ಸಾಲು ಸಾಲಿಗೂ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳ ಕೈಗಿತ್ತರು. ನಮ್ಮ ಹಳಗನ್ನಡ ಕಾವ್ಯಗಳಿಗೆ ಟೀಕೆ ಬರೆದ ಹಾಗೆ ಒಂದು ಕರ್ನಲ್‌ಗೆ ಬರೆದ ಟೀಕೆ ಅದು. ಮುಂದಿನ ಆವೃತ್ತಿಯ ಪರವಾನಗಿಯಲ್ಲಿ ಇಂಥ ಪಾಠಕ್ಕೆ ಕಂಪನಿ ತಡೆ ಹಾಕಿತು. ಆಮೇಲೆ ಆ ಪುಸ್ತಕ ಜೆರಾಕ್ಸಿನ ಜೆರಾಕ್ಸಾಗಿ ಕೈಯಿಂದ ಕೈಗೆ ಹೋಯಿತು. ಅಂಗಡಿಯಲ್ಲಿ ಕೊಳ್ಳಬಹುದಾದ ಪುಸ್ತಕವಾಗಿ ಬಂದದ್ದು 1996ರಲ್ಲಿ.

*

1991ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸಿನ ಮೊದಲ ಆವೃತ್ತಿ 0.01ನ್ನು ಹೊರತಂದರು. ಅದು ಹೇಗೆ ತನ್ನ ಮನೆ ಸೇರುತ್ತಿತ್ತು ಎಂಬುದನ್ನು ನೋಡಿದರೆ, ವಿಳಾಸವೆನ್ನುವುದು ಎಷ್ಟು ಜನರ ಹಳೆಯ ತೀರ್ಮಾನಗಳ ಮೇಲೆ ನಿಂತಿರುತ್ತದೆ ಎಂದು ತಿಳಿಯುತ್ತದೆ.

ಪಿಸಿ ಚಾಲೂ ಆದಾಗ ಅದರ ಬಯೋಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಮೆಮೊರಿಯ 31,744ನೇ ಸ್ಥಾನದಲ್ಲಿ ಇಡುತ್ತಿತ್ತು. ಈ ವಿಚಿತ್ರ ಸಂಖ್ಯೆ ಬಂದದ್ದು 1981ರ ಐಬಿಎಂ ಪಿಸಿಯಿಂದ. ಆಗಿನ ಲೆಕ್ಕದಲ್ಲಿ 32 ಕಿಲೋಬೈಟ್, ಅಂದರೆ 32,768 ಬೈಟು, ಇರುವ ಯಂತ್ರದಲ್ಲೂ ಆಪರೇಟಿಂಗ್ ಸಿಸ್ಟಮ್ ಏಳಬೇಕಿತ್ತು. ತಳದ ಜಾಗವನ್ನು ಅದಕ್ಕೆ ಬಿಟ್ಟು, ತುದಿಯಲ್ಲಿ 1,024 ಬೈಟು ಕಳೆದು, ಅಲ್ಲಿ ಇಟ್ಟರು. 32 ಕಿಲೋಬೈಟಿನ ಯಂತ್ರಗಳು ಕಣ್ಮರೆಯಾದ ಮೇಲೂ ಪಿಸಿಗಳು ದಶಕಗಳ ಕಾಲ 31,744ರಲ್ಲೇ ಕಣ್ಣು ಬಿಟ್ಟವು.

ಟೊರ್ವಾಲ್ಡ್ಸ್‌ರ ಪುಟ್ಟ ಪ್ರೋಗ್ರಾಮು ಅಲ್ಲಿ ಎದ್ದ ಕೂಡಲೇ ತನ್ನನ್ನೇ ಎತ್ತಿಕೊಂಡು 576 ಕಿಲೋಬೈಟಿನ ಎತ್ತರಕ್ಕೆ ಹೋಗಿ ಕೂರುತ್ತಿತ್ತು. ಅಲ್ಲಿಂದ ಕರ್ನಲ್ ಅನ್ನು ಡಿಸ್ಕಿನಿಂದ ಓದಿ 64 ಕಿಲೋಬೈಟಿನ ಗುರುತಿನಲ್ಲಿ ಇಳಿಸುತ್ತಿತ್ತು. ಲಿಂಕರ್ ಕೊಟ್ಟ ವಿಳಾಸ ಸೊನ್ನೆ. ನೇರವಾಗಿ ಅಲ್ಲೇ ಇಳಿಸುವಂತಿರಲಿಲ್ಲ. ಡಿಸ್ಕ್ ಓದಿಕೊಡುವುದು ಬಯೋಸ್, ಅದರ ಪಟ್ಟಿ ಇರುವುದು ತಳದಲ್ಲಿ. ಓದುವ ಕೆಲಸವೆಲ್ಲ ಮುಗಿದು ಬಯೋಸಿನ ಹಂಗು ತೀರಿದ ಮೇಲಷ್ಟೇ ಕರ್ನಲ್ ಅನ್ನು ಎಳೆದುಕೊಂಡು ಬಂದು ಸೊನ್ನೆಯಲ್ಲಿ ಕೂರಿಸುವುದು. ಅಲ್ಲಿ ಮೊದಲು ಓಡುವ ಸಂಕೇತ ಮೆಮೊರಿಯ ನಕ್ಷೆಯನ್ನು ಬರೆಯುತ್ತದೆ. ಆ ನಕ್ಷೆಯ ಜಾಗವೂ ಸೊನ್ನೆಯೇ. ಅಂದರೆ ದಾರಿ ತೋರಿಸಿದ ಸಂಕೇತ ತಾನು ಬರೆಯುವ ನಕ್ಷೆಯ ಅಡಿಯಲ್ಲೇ ಅಳಿಸಿಹೋಗುತ್ತದೆ. ಇದು ಆಕಸ್ಮಿಕವಾಗಿ ನಡೆಯುತ್ತಿರಲಿಲ್ಲ, ಹೀಗೆಯೇ ಆಗುತ್ತದೆ ಎಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದರು.

ಇನ್ನೊಂದು ಟಿಪ್ಪಣಿಯೂ ಇತ್ತು. 64ರಿಂದ 576ರವರೆಗೆ ಇರುವ ಜಾಗ 512 ಕಿಲೋಬೈಟ್. ಕರ್ನಲ್ ಅದಕ್ಕಿಂತ ದೊಡ್ಡದಾಗುವಂತಿಲ್ಲ, ಆದರೆ ಮುಂದೆಯೂ ಇದರಿಂದ ತೊಂದರೆಯಾಗಲಾರದು ಎಂಬುದು ಅದರ ಇಂಗಿತ. ಕೆಲವೇ ವರ್ಷಗಳಲ್ಲಿ ಕರ್ನಲ್ ಆ ಬಟ್ಟೆಯನ್ನು ಹರಿದುಕೊಂಡು ಬೆಳೆಯಿತು. 640 ಕಿಲೋಬೈಟಿನಿಂದ ಮೇಲೆ ಪರದೆಯ ಮೆಮೊರಿ, ಬಯೋಸ್ ಮೊದಲಾದವು ಮೊದಲೇ ಬೇಲಿ ಹಾಕಿಕೊಂಡಿದ್ದವು. ಕರ್ನಲ್ ಅವನ್ನೆಲ್ಲ ದಾಟಿ ಒಂದು ಮೆಗಾಬೈಟಿನ ಗುರುತಿನಲ್ಲಿ ಹೊಸ ಮನೆ ಹೂಡಿತು.

ಇಷ್ಟರಲ್ಲಿ ವಿಳಾಸವೆಂಬ ಮಾತಿನ ಅರ್ಥವೂ ಎರಡಾಗಿತ್ತು. ಪ್ರತಿ ಪ್ರೋಗ್ರಾಮಿಗೂ ತಾನೊಬ್ಬನೇ ಇದ್ದೇನೆ ಎಂಬ ಭ್ರಮೆ ಕೊಟ್ಟು, ಅದು ಕಾಣುವ ಕಲ್ಪಿತ ವಿಳಾಸವನ್ನು ನಿಜವಾದ ಮೆಮೊರಿಗೆ ಹೊಂದಿಸುವ ನಕ್ಷೆಯನ್ನು ಪ್ರೊಸೆಸರ್ ಇಟ್ಟುಕೊಳ್ಳುತ್ತದೆ. ಈ ಕಲ್ಪಿತ ಊರಿನ ಮೇಲಿನ ಅರ್ಧ ವ್ಯವಸ್ಥೆಗೆ ಮೀಸಲು ಎಂಬ ಪದ್ಧತಿ 1977ರ ವ್ಯಾಕ್ಸ್ ಯಂತ್ರದಲ್ಲೇ ಇತ್ತು. 32 ಬಿಟ್ಟಿನ ಲಿನಕ್ಸ್ ಕೆಳಗಿನ 3 ಗಿಗಾಬೈಟನ್ನು ಬಳಕೆದಾರರಿಗೆ, ಮೇಲಿನ 1 ಗಿಗಾಬೈಟನ್ನು ಕರ್ನಲ್‌ಗೆ ಎಂದು ಹಂಚಿತು. ಯಂತ್ರದಲ್ಲಿ ಇರುತ್ತಿದ್ದ ಮೆಮೊರಿಯೇ ನಾಲ್ಕೆಂಟು ಮೆಗಾಬೈಟು, ಆದರೂ ಲಿಂಕರ್ ಕರ್ನಲ್‌ಗೆ 3 ಗಿಗಾಬೈಟಿನ ಮೇಲೆ ಮನೆ ನಂಬರು ಬರೆದುಕೊಡುತ್ತಿತ್ತು. ನಕ್ಷೆ ಸಿದ್ಧವಾಗುವವರೆಗಿನ ಕ್ಷಣಗಳಲ್ಲಿ ಆ ನಂಬರುಗಳೆಲ್ಲ ಸುಳ್ಳು. ಆಗ ಓಡುವ ಸಂಕೇತ ಪ್ರತಿ ವಿಳಾಸದಿಂದಲೂ 3 ಗಿಗಾಬೈಟ್ ಕಳೆದುಕೊಂಡು ಕತ್ತಲಲ್ಲಿ ತಡವರಿಸಿ ನಡೆಯಬೇಕು.

ಇಂಥ ಬಡಾವಣೆಗೆ ಪಂಕ್ತಿಯ ಕ್ರಮವಷ್ಟೇ ಸಾಲದು, ನೀಲನಕ್ಷೆಯೇ ಬೇಕು. 1990ರ ದಶಕದ ಆರಂಭದಲ್ಲಿ ಸಿಗ್ನಸ್ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್ ರೂಪಿಸಿದ ಗ್ನೂ ಲಿಂಕರಿನಲ್ಲಿ ಅದಕ್ಕಾಗಿಯೇ ಒಂದು ಸಣ್ಣ ಭಾಷೆಯಿದೆ. ಅದರಲ್ಲಿ ಒಂದು ಚುಕ್ಕಿ ಬರೆದರೆ ‘ಈಗ ನಿಂತಿರುವ ಜಾಗ’ ಎಂದರ್ಥ. ಚುಕ್ಕಿ ಇಲ್ಲಿರಲಿ, ಇಲ್ಲಿ ಸೂಚನೆಗಳು, ಮುಂದೆ ತಿದ್ದಬಾರದ ಮಾಹಿತಿ, ಆಮೇಲೆ ತಿದ್ದಬಹುದಾದದ್ದು, ಕೊನೆಗೆ ಸೊನ್ನೆಯ ಬಯಲು. ಎಬ್ಬಿಸುವ ಹೊತ್ತಿಗಷ್ಟೇ ಬೇಕಾಗುವ ತುಂಡುಗಳನ್ನೂ ಒಟ್ಟಿಗೆ ಒಂದು ಕೇರಿಯಲ್ಲಿ ಇಡುತ್ತಾರೆ. ಕೆಲಸ ಮುಗಿದ ಮೇಲೆ ಮದುವೆ ಚಪ್ಪರ ಬಿಚ್ಚಿದಂತೆ ಆ ಕೇರಿಯನ್ನು ಇಡಿಯಾಗಿ ತೆರವು ಮಾಡಿ ಜಾಗವನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುತ್ತದೆ ಕರ್ನಲ್. 0.01ರಲ್ಲಿ ತನ್ನನ್ನೇ ಅಳಿಸಿಕೊಳ್ಳುತ್ತಿದ್ದ ಸಂಕೇತದ ಜಾಣತನ ಇಲ್ಲಿ ಪದ್ಧತಿಯಾಯಿತು.

*

ಹೀಗೆ ಎಲ್ಲವೂ ಖಚಿತವಾಯಿತು. ಒಂದೇ ಕರ್ನಲ್ ಹಾಕಿಕೊಂಡ ಲಕ್ಷಾಂತರ ಯಂತ್ರಗಳಲ್ಲಿ ಪ್ರತಿ ತುಂಡೂ ಒಂದೇ ವಿಳಾಸದಲ್ಲಿ. ಒಂದು ಮನೆಯ ನಕ್ಷೆ ಕದ್ದರೆ ಊರಿನ ಎಲ್ಲ ಮನೆಗಳ ನಕ್ಷೆ ಸಿಕ್ಕಿದಂತೆ.

ಇದರ ಅಪಾಯದ ಮುನ್ಸೂಚನೆ ಬಂದದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳು ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳಿಗೆ ನುಗ್ಗಿತು. ಅದರ ಒಂದು ಉಪಾಯ ಹೀಗಿತ್ತು: 512 ಬೈಟು ಹಿಡಿಸುವ ಜಾಗಕ್ಕೆ 536 ಬೈಟು ತುರುಕುವುದು, ಹೆಚ್ಚಾದ 24 ಬೈಟು ಅಕ್ಕಪಕ್ಕದ ವಿಳಾಸವೊಂದನ್ನು ಅಳಿಸಿ ಹುಳುವಿನ ಸಂಕೇತದತ್ತ ತಿರುಗಿಸುವಂತೆ ಮಾಡುವುದು. ದಾಳಿಯಾದದ್ದು ಕರ್ನಲ್ ಮೇಲಲ್ಲ, ಸಾಮಾನ್ಯ ಪ್ರೋಗ್ರಾಮೊಂದರ ಮೇಲೆ. ಆದರೆ ಪಾಠ ಒಂದೇ. ಯಾವುದು ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರಿಂದಲೇ ಆ ಉಪಾಯ ನಡೆಯಿತು.

ಮುಂದಿನ ವರ್ಷಗಳಲ್ಲಿ ಇದೇ ಜಾಡು ಹಿಡಿದು ಕರ್ನಲ್‌ಗೂ ಕನ್ನ ಹಾಕತೊಡಗಿದರು. ಕರ್ನಲ್ ಕೈಗೆ ಸಿಕ್ಕರೆ ಯಂತ್ರದ ಎಲ್ಲ ಗುಟ್ಟುಗಳೂ ಸಿಕ್ಕವೆಂದೇ ಅರ್ಥ. ನಮ್ಮ ಪತ್ರಗಳು, ಪಾಸ್‌ವರ್ಡುಗಳು, ಬ್ಯಾಂಕಿನ ಲೆಕ್ಕ ಎಲ್ಲವೂ. ಇದಕ್ಕೆ ಮದ್ದಾಗಿ 2014ರ ಲಿನಕ್ಸ್ 3.14ರಲ್ಲಿ ಕೀಸ್ ಕುಕ್ ಅವರ ಕೆಲಸದಿಂದ ಹೊಸ ಏರ್ಪಾಡೊಂದು ಸೇರಿತು. ಯಂತ್ರ ಏಳುವಾಗಲೆಲ್ಲ ಕರ್ನಲ್ ಚೀಟಿ ಎತ್ತಿ, ಬಂದ ಜಾಗದಲ್ಲಿ ಮನೆ ಹೂಡುವುದು. 2017ರಿಂದ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ.

ಆದರೆ ಲಿಂಕರ್ ವಿಳಾಸಗಳನ್ನು ತುಂಬಿ ಮುಗಿಸಿದ ಮೇಲೆ ಮನೆ ಬದಲಿಸುವುದು ಹೇಗೆ? ಎಲ್ಲೆಲ್ಲಿ ವಿಳಾಸ ಬರೆದಿದೆ ಎಂಬ ಪಟ್ಟಿ ಕೆಲಸ ನಡೆಯುವಾಗ ಲಿಂಕರಿನ ಬಳಿ ಇರುತ್ತದೆ. ಕೆಲಸ ಮುಗಿದ ಮೇಲೆ ಲೆಕ್ಕ ಮಾಡಿದ ಹಾಳೆಯಂತೆ ಅದನ್ನು ಎಸೆದುಬಿಡುವುದು ರೂಢಿ. ಈಗ ಆ ಹಾಳೆಯನ್ನು ಎಸೆಯಬೇಡ ಎಂದು ಹೇಳಬೇಕಾಯಿತು. ಉಳಿಸಿದ ಪಟ್ಟಿಯನ್ನು ಕರ್ನಲ್ ಜೊತೆಗೇ ಕಟ್ಟಿ ಕಳಿಸುತ್ತಾರೆ. ಏಳುವಾಗ ಕರ್ನಲ್ ಆ ಪಟ್ಟಿ ಹಿಡಿದು, ಪ್ರತಿ ವಿಳಾಸಕ್ಕೂ ತನ್ನ ಹೊಸ ಜಾಗದ ವ್ಯತ್ಯಾಸವನ್ನು ಕೂಡಿಸುತ್ತ ಹೋಗುತ್ತದೆ. 1949ರಲ್ಲಿ ವೀಲರ್ ಅವರ 41 ಸೂಚನೆಗಳು ಥೀಟಾ ಕಂಡಲ್ಲೆಲ್ಲ ಮಾಡುತ್ತಿದ್ದದ್ದು ಇದನ್ನೇ. ಏಳುವ ಗಳಿಗೆಯಿಂದ ಕಟ್ಟುವ ಗಳಿಗೆಗೆ ಹೋಗಿದ್ದ ಕೆಲಸ 65 ವರ್ಷಗಳ ಮೇಲೆ ಮತ್ತೆ ಏಳುವ ಗಳಿಗೆಗೇ ಮರಳಿತು.

ಈ ಮದ್ದಿಗೂ ಮಿತಿಯಿತ್ತು. 64 ಬಿಟ್ಟಿನ ಪಿಸಿಯಲ್ಲಿ ಕರ್ನಲ್ 1 ಗಿಗಾಬೈಟಿನ ಬಯಲಿನೊಳಗೆ, 2 ಮೆಗಾಬೈಟಿಗೆ ಒಂದು ಹೆಜ್ಜೆಯಂತೆ ಜಾಗ ಆರಿಸಿಕೊಳ್ಳುತ್ತಿತ್ತು. ಹೆಚ್ಚೆಂದರೆ 512 ಜಾಗ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಬಡಾವಣೆ ಇಡಿಯಾಗಿ ಸರಿದರೂ ಮನೆ ಮನೆಯ ನಡುವಿನ ಅಂತರ ಲಿಂಕರ್ ಹಾಕಿದ್ದೇ. ಒಂದು ಮನೆ ಸಿಕ್ಕರೆ ಇಡೀ ಬೀದಿ ಸಿಕ್ಕಿತು. ಓಪನ್‌ಬಿಎಸ್‌ಡಿಯವರು 2017ರಲ್ಲಿ ಇದಕ್ಕೆ ದಿಟ್ಟ ಉತ್ತರ ಕೊಟ್ಟರು. ಯಂತ್ರ ಎದ್ದಾಗಲೆಲ್ಲ ಹಿನ್ನೆಲೆಯಲ್ಲಿ ಲಿಂಕರನ್ನೇ ಕರೆದು, ತುಂಡುಗಳನ್ನು ಇಸ್ಪೀಟು ಎಲೆಗಳಂತೆ ಕಲಸಿ, ಮುಂದಿನ ಸಲ ಏಳಲು ಹೊಸ ಕರ್ನಲ್ ಕಟ್ಟಿಸಿ ಇಡುವುದು. ಕೈತಪ್ಪು ತಪ್ಪಿಸಿ ಎಲ್ಲವನ್ನೂ ಒಂದು ಕ್ರಮಕ್ಕೆ ತರಲು ಹುಟ್ಟಿದ ಸಲಕರಣೆಯನ್ನೇ ಕ್ರಮ ಕೆಡಿಸಲು ಕೂರಿಸಿದರು.

2018ರ ಜನವರಿ 3ರಂದು ಮೆಲ್ಟ್‌ಡೌನ್ ಎಂಬ ದೋಷ ಬಯಲಾಯಿತು. ಪ್ರತಿ ಪ್ರೋಗ್ರಾಮಿನ ನಕ್ಷೆಯಲ್ಲೂ ಮೇಲ್ಗಡೆ ಕರ್ನಲ್ ಇರುತ್ತಿತ್ತು, ಬೀಗ ಹಾಕಿದ ಮಹಡಿಯಂತೆ. ಕರೆದಾಗ ಬೇಗ ಹತ್ತಿ ಹೋಗಬಹುದೆಂಬ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಅದು. ಇಂಟೆಲ್‌ನ ಹೆಚ್ಚಿನ ಪ್ರೊಸೆಸರುಗಳು ಮುಂದಿನ ಕೆಲಸವನ್ನು ಊಹಿಸಿ ಮೊದಲೇ ಮಾಡಿಡುವ ಆತುರದಲ್ಲಿ ಬೀಗದ ಹಿಂದಿನ ಮಾಹಿತಿಯ ಸುಳಿವನ್ನು ಹೊರಗೆ ಬಿಟ್ಟುಕೊಡುತ್ತಿದ್ದವು. ಕರ್ನಲ್ ವಿಳಾಸವನ್ನು ಬಚ್ಚಿಡಲೆಂದು ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು 2017ರಲ್ಲಿ ಸೂಚಿಸಿದ್ದ ಉಪಾಯವೇ ಆಗ ಕೈ ಹಿಡಿಯಿತು. ಪ್ರೋಗ್ರಾಮು ಓಡುವಾಗ ಅದರ ನಕ್ಷೆಯಿಂದ ಕರ್ನಲ್ ಅನ್ನು ಬಹುಪಾಲು ತೆಗೆದೇಬಿಡುವುದು, ಕರೆದಾಗ ಬೇರೆ ನಕ್ಷೆ ಹಾಕಿಕೊಳ್ಳುವುದು. ಇದಕ್ಕೆ ತೆತ್ತ ಬೆಲೆ ವೇಗ. ವ್ಯಾಕ್ಸ್ ಕಾಲದಿಂದ ಒಂದೇ ಊರಿನಲ್ಲಿ ಬಾಳುತ್ತಿದ್ದ ಯಜಮಾನ ಮತ್ತು ಒಕ್ಕಲು ಬೇರೆ ಬೇರೆ ಊರಿನವರಾದರು.

ಈ ಚರಿತ್ರೆಯಲ್ಲಿ ಯಾರೂ ಮೂರ್ಖರಲ್ಲ. 32 ಕಿಲೋಬೈಟಿನ ತುದಿಯಲ್ಲಿ ಜಾಗ ಹುಡುಕಿದವರು, 512 ಕಿಲೋಬೈಟ್ ಸಾಕೆಂದು ಬರೆದ ವಿದ್ಯಾರ್ಥಿ, ವೇಗಕ್ಕಾಗಿ ಕರ್ನಲ್ ಅನ್ನು ಪ್ರತಿ ನಕ್ಷೆಯಲ್ಲೂ ಇಟ್ಟವರು, ಎಲ್ಲರೂ ಎದುರಿಗಿದ್ದ ಕಷ್ಟಕ್ಕೆ ಎದುರಿಗಿದ್ದ ದಾರಿ ಹಿಡಿದವರು. ಆದರೆ ವಿಳಾಸವೆಂದರೆ ಬರೆದವರ ಕೈ ಬಿಟ್ಟುಹೋಗುವ ಸಂಗತಿ. ಯಾರೋ ಒಮ್ಮೆ ಆರಿಸಿದ ಸಂಖ್ಯೆಯನ್ನು ನೆಚ್ಚಿ ಇನ್ನೊಬ್ಬರು ಮನೆ ಕಟ್ಟುತ್ತಾರೆ, ಅದನ್ನು ನೆಚ್ಚಿ ಮತ್ತೊಬ್ಬರು ಕನ್ನ ಕೊರೆಯುತ್ತಾರೆ.

ಕಾಲ್‌ಸಿಮ್ಸ್ ಕಡತದ ಸೊನ್ನೆಗಳಿಗೆ ಈಗ ಮರಳಬಹುದು. ಎಡ್‌ಸ್ಯಾಕ್‌ನ ಆರಂಭಿಕ ಆದೇಶಗಳು, ಪಿಡಿಪಿ-11ರ ಯುನಿಕ್ಸ್, ಲಿನಕ್ಸ್ 0.01 ಮೂರೂ ಸೊನ್ನೆಯಲ್ಲೇ ಮನೆ ಮಾಡಿದ್ದವು. ಆಗ ಯಾರಾದರೂ ಕರ್ನಲ್‌ನ ವಿಳಾಸ ಕೇಳಿದ್ದರೆ ಸೊನ್ನೆ ಎನ್ನುವುದು ನಿಜವಾದ ಉತ್ತರವಾಗುತ್ತಿತ್ತು. ಇವತ್ತು ಕೇಳಿದರೂ ಕರ್ನಲ್ ಸೊನ್ನೆ ಎಂದೇ ಹೇಳುತ್ತದೆ. ಆದರೆ ಅಲ್ಲಿ ಹೋಗಿ ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಇರುವುದಿಲ್ಲ.